ಬಾರ್ಬೆಕ್ಯೂ ಬಾಬ್ ಮತ್ತು ನಗುವ ಚಾರ್ಲಿ: ಅಟ್ಲಾಂಟಾದ ಅಣ್ಣತಮ್ಮಂದಿರ ಬ್ಲೂಸ್

ಪ್ರಶ್ನೆ: ನಾನೂ ನನ್ನ ತಮ್ಮನೂ ಹದಿನೈದು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇವೆ. ಅವನಿಗೆ ಮೊದಲ ಪಾಠ ಹೇಳಿಕೊಟ್ಟವನು ನಾನು. ಈಗ ಅವನು ನನ್ನನ್ನು ದಾಟಿ ಬಹಳ ಮುಂದೆ ಹೋಗಿದ್ದಾನೆ. ಈಚೆಗೆ 1920ರ ದಶಕದ ಬ್ಲೂಸ್, ಅಂದರೆ ಅಮೆರಿಕದ ಕರಿಯ ಜನರ ಹಾಡುಗಾರಿಕೆ, ಕೇಳತೊಡಗಿ ಬಾರ್ಬೆಕ್ಯೂ ಬಾಬ್‌ಗೆ ಮನಸೋತೆವು. ಅವನ ತಮ್ಮ ಚಾರ್ಲಿ ಲಿಂಕನ್‌ನ ಹಾಡುಗಳನ್ನೂ ಹುಡುಕಿ ಕೇಳಿದೆವು. ಇಬ್ಬರ ಕೈಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದೆ. ಚಾರ್ಲಿ ಬರಿಯ ಅನುಕರಣೆ ಮಾಡುತ್ತಿದ್ದ, ಸದಾ ನಗುವ ಸ್ವಭಾವದವನಾಗಿದ್ದ, ಬಾಬ್ ಸತ್ತ ದುಃಖದಲ್ಲಿ ಬುದ್ಧಿ ಕೆಟ್ಟು ಕೊಲೆ ಮಾಡಿ ಜೈಲು ಸೇರಿದ ಎಂದೆಲ್ಲ ಓದಿದೆ. ಇದರಲ್ಲಿ ನಿಜವೆಷ್ಟು? ‘ಮಿಸ್ಸಿಸಿಪ್ಪಿ ಹೆವಿ ವಾಟರ್ ಬ್ಲೂಸ್’ ಅವರು ಕಣ್ಣಾರೆ ಕಂಡ ಪ್ರವಾಹದ ಹಾಡೇ? ಒಂದೇ ಹಾಡು ಒಂದೊಂದು ಕಡೆ ಒಂದೊಂದು ಶ್ರುತಿಯಲ್ಲಿ ಕೇಳಿಸುವುದೇಕೆ? ವಿದೇಶದ ಮಾರಾಟಗಾರರೊಬ್ಬರ ಬಳಿ ಮೂಲ ಗ್ರಾಮಫೋನ್ ತಟ್ಟೆಯೊಂದಿದೆ, ಕೊಳ್ಳಬಹುದೇ? ನನ್ನ ಹನ್ನೆರಡು ತಂತಿಯ ಗಿಟಾರನ್ನು ಅವರ ಶ್ರುತಿಗೆ ತಿರುಗಿಸಿದರೆ ವಾದ್ಯ ಹಾಳಾಗುವುದೇ?

ಉತ್ತರ: ನಿಮ್ಮ ಪತ್ರದ ಒಂದು ಪದವನ್ನು ಮೊದಲಿಗೇ ತಿದ್ದಬೇಕಾಗಿದೆ, ಏಕೆಂದರೆ ಉಳಿದ ಗೊಂದಲದ ಅರ್ಧಭಾಗ ಅಲ್ಲಿಂದಲೇ ಹೊರಟಿದೆ. ಚಾರ್ಲಿಯು ಬಾಬ್‌ನ ಅಣ್ಣ. ಲಿಂಕನ್ ಎಂಬ ಹೆಸರಿನಲ್ಲಿ ಹಾಡಿದ ಚಾರ್ಲಿ ಹಿಕ್ಸ್ ಹುಟ್ಟಿದ್ದು 1900ರ ಮಾರ್ಚ್ 11ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಲಿಥೋನಿಯಾದಲ್ಲಿ. ಮುಂದೆ ಬಾರ್ಬೆಕ್ಯೂ ಬಾಬ್ ಎನ್ನಿಸಿಕೊಂಡ ರಾಬರ್ಟ್ ಹಿಕ್ಸ್ ಹುಟ್ಟಿದ್ದು ಸರಿಯಾಗಿ ಎರಡೂವರೆ ವರ್ಷದ ನಂತರ, 1902ರ ಸೆಪ್ಟೆಂಬರ್ 11ರಂದು, ಅದೇ ರಾಜ್ಯದ ವಾಲ್ನಟ್ ಗ್ರೋವ್‌ನಲ್ಲಿ. ಇಂಗ್ಲಿಷಿನ ‘ಬ್ರದರ್’ ಎಂಬ ಮಾತು ಹಿರಿಯನೋ ಕಿರಿಯನೋ ಎಂಬುದನ್ನು ಹೇಳುವುದಿಲ್ಲ. ಕನ್ನಡದಲ್ಲಿ ಬರೆಯುವಾಗ ಮಾತ್ರ ನಾವು ಅಣ್ಣನೆಂದೋ ತಮ್ಮನೆಂದೋ ಒಂದನ್ನು ಆರಿಸಲೇಬೇಕಾಗುತ್ತದೆ, ಆಗ ಹೆಚ್ಚು ಹೆಸರು ಮಾಡಿದವನೇ ಹಿರಿಯನಿರಬೇಕೆಂದುಕೊಂಡು ಕೈ ತಾನಾಗಿಯೇ ‘ತಮ್ಮ’ ಎಂದು ಬರೆದುಬಿಡುತ್ತದೆ. ಅಲ್ಲಿಂದ ‘ಕಿರಿಯವನು ಹಿರಿಯವನನ್ನು ಅನುಕರಿಸಿದ’ ಎಂಬ ಕಥೆಗೆ ಒಂದೇ ಹೆಜ್ಜೆ.

ನೀವು ಕೇಳಿದ ಪ್ರಶ್ನೆಗಳು ಹಲವು, ಆದರೆ ಅವುಗಳ ಕೆಳಗೆ ಇರುವ ಕಳವಳ ಒಂದೇ ಎಂದು ನನಗೆ ತೋರುತ್ತದೆ: ಒಂದೇ ಮನೆಯಲ್ಲಿ ಒಂದೇ ವಾದ್ಯ ಹಿಡಿದ ಇಬ್ಬರಲ್ಲಿ ಒಬ್ಬನಿಗೆ ಹೆಸರು ಬಂದಾಗ ಇನ್ನೊಬ್ಬನ ಸಂಗೀತಕ್ಕೆ ತನ್ನದೇ ಬೆಲೆ ಉಳಿಯುವುದೇ, ಇಲ್ಲವೇ ಅದು ನೆರಳಾಗಿಬಿಡುವುದೇ ಎಂಬುದು. ಮೂವತ್ತು ವರ್ಷಗಳಿಂದ ಹಳೆಯ ಗ್ರಾಮಫೋನ್ ತಟ್ಟೆಗಳ ಧ್ವನಿಯನ್ನು ಮೊದಲು ಟೇಪಿಗೂ ಆಮೇಲೆ ಕಂಪ್ಯೂಟರಿಗೂ ಇಳಿಸುವ ಕೆಲಸ ಮಾಡಿಕೊಂಡು ಬಂದವನು ನಾನು. ಹಿಕ್ಸ್ ಸೋದರರ ವಿಷಯದಲ್ಲಿ ‘ಮೂಲ ಯಾರು, ನಕಲು ಯಾರು’ ಎಂಬ ಪ್ರಶ್ನೆ ಹುಟ್ಟಿದ್ದು ಅವರ ಮನೆಯಲ್ಲಿ ಅಲ್ಲ, ತಟ್ಟೆಯ ಲೇಬಲ್ಲಿನ ಮೇಲೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಅದಕ್ಕೆ ಕಾರಣಗಳಿವೆ.

ಇಬ್ಬರ ಕೈಯೂ ಒಂದೇ ಅಚ್ಚು ಎಂದು ನಿಮ್ಮ ಕಿವಿ ಹೇಳಿದ್ದು ಸರಿ. ಆ ಅಚ್ಚು ಯಾರದು ಎಂಬುದೂ ಗೊತ್ತು. ಲಿಥೋನಿಯಾ ಊರು, ನ್ಯೂಟನ್ ಕೌಂಟಿ (ಜಿಲ್ಲೆ) ಇರುವ ಆ ಸೀಮೆಯಲ್ಲಿ ಸವಾನಾ ವೀವರ್ ಎಂಬ ಹೆಂಗಸು ಗಿಟಾರ್ ನುಡಿಸುತ್ತಿದ್ದಳು. ಊರಿನವರು ಆಕೆಯನ್ನು ‘ಡಿಪ್’ ಎಂದು ಕರೆಯುತ್ತಿದ್ದರು. ಹದಿಹರೆಯದ ಚಾರ್ಲಿಗೆ ಗಿಟಾರ್ ಹೇಳಿಕೊಟ್ಟವಳು ಆಕೆ. ರಾಬರ್ಟ್‌ನೂ ಆಕೆಯ ಮಗ ಕರ್ಲಿ ವೀವರನೂ ಅದೇ ಬಳಗದಲ್ಲಿ ಕಲಿತವರು. ಈ ಮೂವರು ಹುಡುಗರೂ ಮುಂದೆ ಅಟ್ಲಾಂಟಾಗೆ ಹೋಗಿ ಕೊಲಂಬಿಯಾ ಎಂಬ ಗ್ರಾಮಫೋನ್ ತಟ್ಟೆಗಳ ಕಂಪನಿಗೆ ಹಾಡಿದರು. ಕಲಿಸಿದವಳು ಮಾತ್ರ ಒಂದು ತಟ್ಟೆಯನ್ನೂ ಬಿಟ್ಟುಹೋಗಿಲ್ಲ. ಬ್ಲೂಸ್ ಚರಿತ್ರೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಸಂಗತಿಗಳಲ್ಲಿ ಇದೂ ಒಂದು: ಅರುವತ್ತಕ್ಕೂ ಹೆಚ್ಚು ಹಾಡುಗಳಲ್ಲಿ ನಾವು ಆಕೆಯ ಕೈಯನ್ನು ಕೇಳುತ್ತೇವೆ, ಆಕೆಯನ್ನು ಕೇಳುವುದಕ್ಕೆ ಆಗುವುದಿಲ್ಲ. ಒಂದೇ ಬಾವಿಯಿಂದ ನೀರು ಸೇದಿದ ಅಣ್ಣತಮ್ಮಂದಿರಲ್ಲಿ ಯಾರು ಯಾರ ಕೊಡದಿಂದ ಕದ್ದರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಕೇಳಲೇಬೇಕೆಂದರೆ ಮೊದಲು ಸೇದಿದವನು ಅಣ್ಣ.

ಆ ಕೈ ಎಂತಹದು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನೀವು ನುಡಿಸುವವರು. ಆ ಕಾಲದ ಅನೇಕ ಗಿಟಾರ್ ವಾದಕರು ಹೆಬ್ಬೆರಳಿನಿಂದ ಮಂದ್ರದ ತಂತಿಗಳನ್ನು ನಡೆಸುತ್ತ ಉಳಿದ ಬೆರಳುಗಳಿಂದ ಮೇಲಿನ ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಮೀಟುತ್ತಿದ್ದರು. ಹಿಕ್ಸ್ ಸೋದರರ ಪದ್ಧತಿ ಬೇರೆ. ಅವರು ಉಗುರಿನ ಹಿಂಬದಿಯಿಂದ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಬಡಿಯುತ್ತಿದ್ದರು; ಇದು ಅಲ್ಲಿ ಗಿಟಾರಿಗಿಂತ ಮೊದಲೇ ರೂಢಿಯಲ್ಲಿದ್ದ ಬ್ಯಾಂಜೋ ವಾದನದ ರೀತಿ, ದಕ್ಷಿಣದ ಕರಿಯ ಜನರ ನಡುವೆ ಬ್ಯಾಂಜೋ ಬಿಟ್ಟು ಗಿಟಾರ್ ಹಿಡಿದ ತಲೆಮಾರಿನ ಗುರುತು. ಹೀಗೆ ಬಡಿಯುವಾಗ ಹಾಡಿನ ಲಯ ಹೆಜ್ಜೆ ಹಾಕಿಕೊಂಡು ಬಂದಂತೆ ಕೇಳಿಸುತ್ತದೆ, ಮಧ್ಯದಲ್ಲಿ ಒಂದೆರಡು ಮಾತ್ರೆ ಹೆಚ್ಚು ಕಡಿಮೆಯಾದರೂ ಓಟ ನಿಲ್ಲುವುದಿಲ್ಲ. ಜೊತೆಗೆ ಅಟ್ಲಾಂಟಾಗೆ ಬಂದ ಮೇಲೆ ಇಬ್ಬರೂ ಹನ್ನೆರಡು ತಂತಿಯ ಗಿಟಾರನ್ನು ಹಿಡಿದರು. ಬೀದಿಬದಿಯಲ್ಲಿ, ಮನೆಯ ಕೂಟಗಳಲ್ಲಿ ಧ್ವನಿವರ್ಧಕವಿಲ್ಲದೆ ಕೇಳಿಸಬೇಕಾದವನಿಗೆ ಆ ಜೋಡಿ ತಂತಿಗಳ ಮೊಳಗು ಬೇಕಾಗಿತ್ತು; ಅದೇ ಊರಿನ ಬ್ಲೂಸ್ ಹಾಡುಗಾರ ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್ ಕೂಡ ಹನ್ನೆರಡು ತಂತಿಯವನೇ.

ಇನ್ನು ಲೇಬಲ್ಲಿನ ಕಥೆ. ರಾಬರ್ಟ್ ಅಟ್ಲಾಂಟಾದ ಉತ್ತರದ ಹೊರವಲಯದಲ್ಲಿ, ಸಿರಿವಂತ ಬಿಳಿಯರು ಬರುತ್ತಿದ್ದ ಟಿಡ್‌ವೆಲ್ ಎಂಬ ಬಾರ್ಬೆಕ್ಯೂ ಹೋಟೆಲಿನಲ್ಲಿ ಅಡುಗೆ ಮಾಡುತ್ತ, ಗಿರಾಕಿಗಳಿಗೆ ಹಾಡಿಯೂ ತೋರಿಸುತ್ತಿದ್ದ. ಕೊಲಂಬಿಯಾ ಕಂಪನಿಗೆ ಹೊಸ ಹಾಡುಗಾರರನ್ನು ಹುಡುಕಿಕೊಡುತ್ತಿದ್ದ ಡಾನ್ ಹಾರ್ನ್ಸ್‌ಬಿ ಅವನನ್ನು ಅಲ್ಲಿ ಕಂಡು, ಅವನ ಉದ್ಯೋಗವನ್ನೇ ಪ್ರಚಾರದ ಹೆಸರನ್ನಾಗಿ ಮಾಡಿದ. ಅಡುಗೆಯವನ ಬಿಳಿ ಟೋಪಿ, ಬಿಳಿ ಬಟ್ಟೆ ತೊಡಿಸಿ ಕೈಯಲ್ಲಿ ಗಿಟಾರ್ ಕೊಟ್ಟು ತೆಗೆದ ಚಿತ್ರವೇ ನಮಗೆ ಅವನ ಪರಿಚಯದ ಮುಖ. 1927ರ ಮಾರ್ಚ್ 25ರಂದು ಅಟ್ಲಾಂಟಾದಲ್ಲಿ ಧ್ವನಿಮುದ್ರಣಗೊಂಡ ‘ಬಾರ್ಬೆಕ್ಯೂ ಬ್ಲೂಸ್’ ಕೊಲಂಬಿಯಾದ 14205-ಡಿ ಸಂಖ್ಯೆಯ ತಟ್ಟೆಯಾಗಿ ಹೊರಬಂದು ಬೇಗನೆ ಹದಿನೈದು ಸಾವಿರ ಪ್ರತಿ ಮಾರಾಟವಾಯಿತು. ಹದಿನಾಲ್ಕು ಸಾವಿರದ ಆ ಸರಣಿ ಕರಿಯ ಕೊಳ್ಳುಗರಿಗೆಂದೇ ಮೀಸಲಾಗಿದ್ದದ್ದು. ಅಂಥವನ್ನು ‘ರೇಸ್ ರೆಕಾರ್ಡ್ಸ್’, ಅಂದರೆ ಜನಾಂಗದ ತಟ್ಟೆಗಳು, ಎಂದು ಕಂಪನಿಗಳೇ ಕರೆಯುತ್ತಿದ್ದವು. ಜೂನ್ ತಿಂಗಳಲ್ಲಿ ರಾಬರ್ಟ್‌ನನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ನವೆಂಬರಿನಲ್ಲಿ ಕಂಪನಿಯವರು ತಮ್ಮ ಯಂತ್ರದೊಡನೆ ಮತ್ತೆ ಅಟ್ಲಾಂಟಾಗೆ ಬಂದಾಗ ಅವನ ಅಣ್ಣನನ್ನೂ ಮೈಕಿನ ಮುಂದೆ ನಿಲ್ಲಿಸಿದರು.

ಹೊಸ ಹಾಡುಗಾರನನ್ನು ಹುಡುಕುವ ಅತಿ ಅಗ್ಗದ ದಾರಿ ಈಗಾಗಲೇ ಮಾರಾಟವಾದವನ ಮನೆಯವರನ್ನು ಕೇಳುವುದು. ಆ ಕಾಲದಲ್ಲಿ ಅಣ್ಣತಮ್ಮಂದಿರ, ಅಕ್ಕತಂಗಿಯರ ತಟ್ಟೆಗಳು ಇಷ್ಟೊಂದು ಸಿಗುವುದಕ್ಕೆ ಇದೂ ಒಂದು ಕಾರಣ: ಮಿಸ್ಸಿಸಿಪ್ಪಿಯ ಚಾಟ್‌ಮನ್ ಸೋದರರು, ಜೋ ಮತ್ತು ಚಾರ್ಲಿ ಮಕಾಯ್, ಲಾನಿ ಜಾನ್ಸನ್ ಮತ್ತು ಅವನ ಸೋದರ ಜೇಮ್ಸ್, ಟೆಕ್ಸಸ್ಸಿನ ಥಾಮಸ್ ಮನೆತನದ ಜಾರ್ಜ್, ಸಿಪ್ಪಿ ಮತ್ತು ಹರ್ಸಲ್. ಇವರಲ್ಲಿ ಹಿಕ್ಸ್ ಸೋದರರಿಗೆ ಆದದ್ದೇ ಬೇರೆ. ತಮ್ಮನ ಹೆಸರು ‘ಬಾರ್ಬೆಕ್ಯೂ ಬಾಬ್’ ಎಂದು ಅಚ್ಚಾಯಿತು, ಅಣ್ಣನದು ‘ಚಾರ್ಲಿ ಲಿಂಕನ್’ ಎಂದು. ಮನೆತನದ ಹೆಸರು ಎರಡರಲ್ಲಿಯೂ ಇಲ್ಲ. ಅಂಗಡಿಗೆ ಬಂದ ಗಿರಾಕಿಗೆ ಇವರಿಬ್ಬರು ಒಂದೇ ತಾಯಿಯ ಮಕ್ಕಳೆಂದು ತಿಳಿಯುವ ದಾರಿಯೇ ಇರಲಿಲ್ಲ. ಅವನಿಗೆ ಕೇಳಿಸಿದ್ದು ಕಳೆದ ಬೇಸಿಗೆಯಲ್ಲಿ ಕೊಂಡ ಬಾರ್ಬೆಕ್ಯೂ ಬಾಬ್‌ನಂತೆಯೇ ನುಡಿಸುವ ಯಾರೋ ಹೊಸಬ. ‘ಅನುಕರಣೆ’ ಎಂಬ ತೀರ್ಪಿನ ಬೀಜ ಇಲ್ಲಿದೆ. ಎಂಟು ತಿಂಗಳ ಅಂತರದಲ್ಲಿ ಇಬ್ಬರ ಧ್ವನಿಮುದ್ರಣ ನಡೆದ ಕ್ರಮವನ್ನೇ ಕಲಿತ ಕ್ರಮವೆಂದು ಬಗೆದದ್ದರಿಂದ ಈ ತಪ್ಪು ತೊಂಬತ್ತು ವರ್ಷಗಳಿಗೂ ಮೀರಿ ಉಳಿದುಕೊಂಡು ಬಂದಿದೆ.

‘ನಗುವ ಚಾರ್ಲಿ’ ಎಂಬ ಇನ್ನೊಂದು ಹೆಸರಿನ ಬಗ್ಗೆ ಇದಕ್ಕಿಂತ ಎಚ್ಚರಿಕೆ ಬೇಕು. ಚಾರ್ಲಿಯ ಹಾಡುಗಳಲ್ಲಿ ನಗು ಕೇಳಿಸುವುದು ನಿಜ. ಆದರೆ ಧ್ವನಿಮುದ್ರಿತ ನಗು ಆ ಹೊತ್ತಿಗಾಗಲೇ ಮೂವತ್ತು ವರ್ಷ ಹಳೆಯ ಮಾರಾಟದ ಸರಕು. ಗ್ರಾಮಫೋನಿನ ಮೊದಲ ಕರಿಯ ತಾರೆ ಎನಿಸಿದ ಜಾರ್ಜ್ ಡಬ್ಲ್ಯು. ಜಾನ್ಸನ್ 1890ರ ದಶಕದಲ್ಲಿ ಜನಪ್ರಿಯನಾದದ್ದು ನಗುವಿನ ಹಾಡಿನಿಂದಲೇ. ತಾಳಕ್ಕೆ ಸರಿಯಾಗಿ ನಗುವುದು ಅವನ ವಿದ್ಯೆಯಾಗಿತ್ತು. ಕರಿಯನೆಂದರೆ ಸದಾ ನಗುತ್ತಿರುವವನು ಎಂಬ ಚಿತ್ರವನ್ನು ಬಿಳಿಯರ ರಂಗಭೂಮಿ ಅದಕ್ಕೂ ಮೊದಲೇ ಕಟ್ಟಿ ನಿಲ್ಲಿಸಿತ್ತು. ಹೀಗಾಗಿ ತಟ್ಟೆಯ ಮೇಲೆ ‘ನಗುವ’ ಎಂದು ಅಚ್ಚು ಹಾಕಿದ್ದನ್ನು ಆ ಮನುಷ್ಯನ ಸ್ವಭಾವದ ಪ್ರಮಾಣಪತ್ರವೆಂದು ಓದಬಾರದು. ಅವನು ಹಾಡಲು ಆರಿಸಿಕೊಂಡದ್ದನ್ನು ನೋಡಿ: ‘ಹಾರ್ಡ್ ಲಕ್ ಬ್ಲೂಸ್’, ‘ಜೆಲಸ್ ಹಾರ್ಟೆಡ್ ಬ್ಲೂಸ್’, ‘ಚೈನ್ ಗ್ಯಾಂಗ್ ಟ್ರಬಲ್’, ಹೆಂಡತಿ ಮನೆಯಿಂದ ಹೊರಗಟ್ಟಿದ ಹಾಡು. ದುರದೃಷ್ಟ, ಹೊಟ್ಟೆಕಿಚ್ಚು, ಸಂಕೋಲೆಯ ಕೈದಿಗಳ ದುಡಿಮೆ. ಇಂಥ ಸಾಲುಗಳ ಪಕ್ಕದಲ್ಲಿ ಆ ನಗು ಬಂದಾಗ ನನಗೆ ಯಾವತ್ತೂ ಸಂತೋಷ ಕೇಳಿಸಿಲ್ಲ.

ಇಬ್ಬರನ್ನು ಕಿವಿಯಿಂದ ಬೇರ್ಪಡಿಸುವುದು ಹೇಗೆ? ರಾಬರ್ಟ್‌ನ ಕಂಠ ಗಟ್ಟಿ, ಒರಟು. ಸಾಲಿನ ಕೊನೆಯಲ್ಲಿ ಒಮ್ಮೆಲೇ ಕಳ್ಳಧ್ವನಿಗೆ ಹಾರುತ್ತಾನೆ, ಇನ್ನೊಮ್ಮೆ ಗಂಟಲಿನಲ್ಲಿ ಗುರುಗುಟ್ಟುತ್ತಾನೆ, ಮಾತನ್ನು ತಾಳವಾದ್ಯದಂತೆ ಬಳಸುತ್ತಾನೆ. ಬೆರಳಿಗೆ ಬಾಟಲಿಯ ಕತ್ತಿನ ತುಂಡು ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುವುದು ಅವನ ಕೈಚಳಕ; ಹಾಡಿನ ಕೊನೆಯ ಮಾತನ್ನು ಬಾಯಿ ಬಿಟ್ಟುಕೊಟ್ಟಾಗ ತಂತಿ ಅದನ್ನು ಹೇಳಿ ಮುಗಿಸುತ್ತದೆ. ಚಾರ್ಲಿಯ ಕಂಠ ಇನ್ನೂ ಮೆದು, ಹೆಚ್ಚು ಗಂಭೀರ. ಅವನ ವಾದನದಲ್ಲಿ ಸೋಜಿಗಗಳು ಕಡಿಮೆ, ತಳದ ಬಡಿತವೇ ಮುಖ್ಯ. ವಾದಕನಾಗಿ ತಮ್ಮನೇ ಮೇಲು ಎಂದು ನಾನೂ ಒಪ್ಪುತ್ತೇನೆ, ಇದನ್ನು ನಿಮ್ಮಿಂದ ಮರೆಮಾಚಿ ಸಮಾಧಾನ ಹೇಳುವುದು ಸರಿಯಲ್ಲ. ಆದರೂ ‘ಹಾರ್ಡ್ ಲಕ್ ಬ್ಲೂಸ್’ನಲ್ಲಿ ಚಾರ್ಲಿ ಒಂದು ಸಾಲು ಹೇಳಿ ಸುಮ್ಮನಾಗಿ ಗಿಟಾರನ್ನು ತನ್ನಷ್ಟಕ್ಕೆ ನಡೆಯಲು ಬಿಡುವಾಗಿನ ಆ ಬಿಡುವು ರಾಬರ್ಟ್‌ನಲ್ಲಿ ಸಿಗುವುದಿಲ್ಲ. ರಾಬರ್ಟ್ ಖಾಲಿ ಜಾಗವನ್ನು ಕಂಡರೆ ತುಂಬಿಬಿಡುತ್ತಾನೆ.

ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೇಳಬೇಕೆಂದರೆ 1927ರ ನವೆಂಬರ್ 5ರಂದು ಅಟ್ಲಾಂಟಾದಲ್ಲಿ ಮುದ್ರಣಗೊಂಡ ‘ಇಟ್ ವೋಂಟ್ ಬಿ ಲಾಂಗ್ ನೌ’ ಇದೆ. ತಟ್ಟೆಯ ಎರಡು ಬದಿಗಳಲ್ಲಿ ಎರಡು ಭಾಗ. ಅಣ್ಣತಮ್ಮಂದಿರು ಹಾಡಿನ ನಡುವೆ ಮಾತಾಡುತ್ತಾರೆ, ಒಬ್ಬರನ್ನೊಬ್ಬರು ಕೆಣಕುತ್ತಾರೆ. ಎರಡು ಹನ್ನೆರಡು ತಂತಿಯ ಗಿಟಾರುಗಳು, ಅಂದರೆ ಇಪ್ಪತ್ನಾಲ್ಕು ತಂತಿ, ಒಂದೇ ಮೈಕಿನ ಮುಂದೆ. ಮೊದಲ ಸಲ ಕೇಳಿದಾಗ ಅದು ಬರಿಯ ಗದ್ದಲ. ಮೂರನೆಯ ಸಲ ಕೇಳುವ ಹೊತ್ತಿಗೆ ಒಂದು ಗಿಟಾರ್ ಸ್ವಲ್ಪ ಹಿಂದೆ ನಿಂತು ನೆಲ ಕೊಡುತ್ತಿರುವುದು ತಿಳಿಯುತ್ತದೆ. 1930ರಲ್ಲಿ ಇಬ್ಬರೂ ಸೇರಿ ಜೂಜಿನ ಅಡ್ಡೆಯ ಸಂಭಾಷಣೆಯನ್ನು ‘ಡಾರ್ಕ್‌ಟೌನ್ ಗ್ಯಾಂಬ್ಲಿಂಗ್’ ಎಂಬ ಹೆಸರಿನಲ್ಲಿ ಮತ್ತೆ ಎರಡು ಭಾಗವಾಗಿ ಮಾಡಿದರು.

ಪ್ರವಾಹದ ಹಾಡಿನ ವಿಷಯ ಚಿಕ್ಕದಾಗಿ ಹೇಳಬಹುದು. 1927ರ ಏಪ್ರಿಲ್ 21ರಂದು ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ಮಿಸ್ಸಿಸಿಪ್ಪಿ ನದಿಯ ಒಡ್ಡು ಒಡೆಯಿತು. ಆ ವರ್ಷ ನದಿಯ ಉದ್ದಕ್ಕೂ ಸುಮಾರು ಎಪ್ಪತ್ತು ಸಾವಿರ ಚದರ ಕಿಲೋಮೀಟರ್ ನೆಲ ಮುಳುಗಿ ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ರಾಬರ್ಟ್ ಅದನ್ನು ಹಾಡಿದ್ದು ಜೂನ್ ತಿಂಗಳಲ್ಲಿ, ನ್ಯೂಯಾರ್ಕಿನಲ್ಲಿ. ಅವನು ಜಾರ್ಜಿಯಾದವನು, ಆ ನದಿ ಅವನ ಊರಿನ ಹತ್ತಿರವೂ ಹರಿಯುವುದಿಲ್ಲ. ‘ನಾನು’ ಎಂದು ಹಾಡಿದವನೆಲ್ಲ ಆತ್ಮಕಥೆ ಹೇಳುತ್ತಿದ್ದಾನೆಂದು ತಿಳಿಯುವುದು ಬ್ಲೂಸ್ ಕೇಳುಗರ ಬಹು ಹಳೆಯ ತಪ್ಪು. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್‌ಳ ‘ಬ್ಯಾಕ್‌ವಾಟರ್ ಬ್ಲೂಸ್’ ಕೂಡ ಇದೇ ಪ್ರವಾಹದ ಹಾಡೆಂದು ಬಾಯಿಂದ ಬಾಯಿಗೆ ಹರಡಿದೆ, ಆದರೆ ಅದರ ಮುದ್ರಣ ನಡೆದದ್ದು ಫೆಬ್ರವರಿಯಲ್ಲಿ, ಒಡ್ಡು ಒಡೆಯುವುದಕ್ಕೆ ಎರಡು ತಿಂಗಳು ಮೊದಲು. ಕಾಣದ ನೀರನ್ನು ಕಂಡವನಂತೆ ಹಾಡಿದ ಕಾರಣಕ್ಕೆ ರಾಬರ್ಟ್‌ನ ಹಾಡು ಸುಳ್ಳಾಗುವುದಿಲ್ಲ. ಅದು ಒಬ್ಬ ಕವಿಯ ಕೆಲಸ. ಆ ಹಾಡೇ ಅವನ ಹೆಸರನ್ನು ಗಟ್ಟಿ ಮಾಡಿತು.

ಈಗ ಕೊನೆಯ ದಿನಗಳಿಗೆ ಬರೋಣ. 1930ರ ಏಪ್ರಿಲ್‌ನಲ್ಲಿ ರಾಬರ್ಟ್ ‘ವಿ ಶೂರ್ ಗಾಟ್ ಹಾರ್ಡ್ ಟೈಮ್ಸ್ ನೌ’ ಎಂದು ಹಾಡಿದ. ಆರ್ಥಿಕ ಕುಸಿತದ ಬಿಸಿ ಅಡುಗೆಮನೆಗೆ ಮುಟ್ಟಿತ್ತು. ಡಿಸೆಂಬರಿನಲ್ಲಿ ಕರ್ಲಿ ವೀವರ್ ಮತ್ತು ಹಾರ್ಮೋನಿಕಾ ನುಡಿಸುತ್ತಿದ್ದ ಹುಡುಗ ಬಡ್ಡಿ ಮಾಸ್ ಜೊತೆ ‘ಜಾರ್ಜಿಯಾ ಕಾಟನ್ ಪಿಕರ್ಸ್’ ಎಂಬ ಹೆಸರಿನಲ್ಲಿ ನುಡಿಸಿದ್ದೇ ಅವನ ಕೊನೆಯ ಮುದ್ರಣ. 1931ರ ಅಕ್ಟೋಬರ್ 21ರಂದು ಲಿಥೋನಿಯಾದಲ್ಲಿ, ಇನ್‌ಫ್ಲುಯೆಂಜಾದ ಬೆನ್ನಿಗೆ ಬಂದ ನ್ಯುಮೋನಿಯಾ ಮತ್ತು ಕ್ಷಯದಿಂದ ಅವನು ತೀರಿಕೊಂಡ. ವಯಸ್ಸು ಇಪ್ಪತ್ತೊಂಬತ್ತು. ಹೂಳುವ ಮುನ್ನ ಸಮಾಧಿಯ ಬಳಿ ‘ಮಿಸ್ಸಿಸಿಪ್ಪಿ ಹೆವಿ ವಾಟರ್ ಬ್ಲೂಸ್’ ತಟ್ಟೆಯನ್ನು ನುಡಿಸಿದರೆಂದು ಹೇಳುತ್ತಾರೆ.

ಚಾರ್ಲಿ ಆ ಮೇಲೆ ಮೂವತ್ತೆರಡು ವರ್ಷ ಬದುಕಿದ. ಕೊಲೆಯ ಸಂಗತಿ ನಿಜ. ಅದು ನಡೆದದ್ದು 1955ರ ಕ್ರಿಸ್‌ಮಸ್ ದಿನ. ಶಿಕ್ಷೆಯಾಗಿ ಜಾರ್ಜಿಯಾದ ಕೈರೋ ಎಂಬ ಊರಿನ ಸೆರೆಮನೆಯಲ್ಲಿದ್ದು, 1963ರ ಸೆಪ್ಟೆಂಬರ್ 28ರಂದು ಮಿದುಳಿನ ರಕ್ತಸ್ರಾವದಿಂದ ಅಲ್ಲಿಯೇ ಸತ್ತ. ತಮ್ಮ ಹೋದ ಮೇಲೆ ಅವನು ಕುಡಿತಕ್ಕೆ ಬಿದ್ದನೆಂಬ ಮಾತೂ ಇದೆ. ಆದರೆ ತಮ್ಮನ ಸಾವಿಗೂ ಆ ಕೊಲೆಗೂ ನಡುವೆ ಇಪ್ಪತ್ನಾಲ್ಕು ವರ್ಷಗಳಿವೆ ಎಂಬುದನ್ನು ಗಮನಿಸಿ. ಇಪ್ಪತ್ನಾಲ್ಕು ವರ್ಷಗಳ ಬಡತನ, ಜನಾಂಗ ಪ್ರತ್ಯೇಕತೆಯ ಜಾರ್ಜಿಯಾದಲ್ಲಿ ಒಬ್ಬ ಕರಿಯ ಕೂಲಿಯಾಳಿನ ದಿನನಿತ್ಯ, ನಿಂತುಹೋದ ಧ್ವನಿಮುದ್ರಣ, ಇವನ್ನೆಲ್ಲ ಒಂದೇ ದುಃಖದ ದಾರಕ್ಕೆ ಪೋಣಿಸಿ ‘ಸೋದರನ ಸಾವು ಅವನನ್ನು ಕೊಲೆಗಾರನನ್ನಾಗಿ ಮಾಡಿತು’ ಎನ್ನುವುದು ಓದಲು ಚೆನ್ನಾಗಿರುತ್ತದೆ, ಸಾಕ್ಷ್ಯಕ್ಕೆ ನಿಲ್ಲುವುದಿಲ್ಲ. ಅದರಿಂದ ಅನ್ಯಾಯವಾಗುವುದು ಚಾರ್ಲಿಗೆ ಮಾತ್ರವಲ್ಲ. ಅವನಿಂದ ಪ್ರಾಣ ಕಳೆದುಕೊಂಡ ಇನ್ನೊಬ್ಬ ಮನುಷ್ಯನೂ ಆ ಕಥೆಯೊಳಗೆ ಬರಿಯ ಅಲಂಕಾರವಾಗಿಬಿಡುತ್ತಾನೆ.

ಶ್ರುತಿಯ ವ್ಯತ್ಯಾಸಕ್ಕೆ ಕಾರಣ ಸರಳ. ನಿಮಿಷಕ್ಕೆ ಇಷ್ಟು ಸುತ್ತು ಎಂಬ ಲೆಕ್ಕದಲ್ಲಿ ನಾವು ‘78 ಸುತ್ತಿನ ತಟ್ಟೆ’ ಎನ್ನುತ್ತೇವೆ, ಆದರೆ ಆ ಕಾಲದಲ್ಲಿ ಮುದ್ರಣದ ವೇಗ ಎಲ್ಲೆಡೆ ಒಂದೇ ಆಗಿರಲಿಲ್ಲ. ಮುದ್ರಣ ಯಂತ್ರವನ್ನು ತಿರುಗಿಸುತ್ತಿದ್ದುದು ಗಡಿಯಾರದಲ್ಲಿರುವಂತೆ ಇಳಿಬಿಟ್ಟ ತೂಕದ ಗುಂಡು. ಕೊಲಂಬಿಯಾ ತನ್ನ ಹಲವು ತಟ್ಟೆಗಳ ಮೇಲೆ 80 ಎಂದೇ ಅಚ್ಚು ಹಾಕುತ್ತಿತ್ತು. 80ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿಯು ಅರ್ಧ ಸ್ವರಾಂತರದ ಅರ್ಧದಷ್ಟು ಇಳಿಯುತ್ತದೆ, ಹಾಡಿನ ನಡಿಗೆಯೂ ಅಷ್ಟೇ ನಿಧಾನವಾಗುತ್ತದೆ. ಅದರ ಮೇಲೆ ಹಿಕ್ಸ್ ಸೋದರರು ಗಿಟಾರನ್ನು ವಾಡಿಕೆಗಿಂತ ಕೆಳಗೆ ಶ್ರುತಿ ಮಾಡಿರುವ ಸಾಧ್ಯತೆಯೂ ಸೇರಿದರೆ, ಇಂಥದೇ ಸ್ವರದಲ್ಲಿ ನುಡಿಸಿದರು ಎಂದು ಯಾರೂ ಬೆರಳು ಮಡಿಚಿ ಹೇಳಲಾರರು. ನೀವು ಕೇಳಲು ಆರಿಸಿಕೊಳ್ಳಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಶುದ್ಧೀಕರಣದ ಮಟ್ಟವನ್ನು. ಡಾಕ್ಯುಮೆಂಟ್ ರೆಕಾರ್ಡ್ಸ್ ಸಂಸ್ಥೆ ರಾಬರ್ಟ್‌ನ ಹಾಡುಗಳನ್ನು ಕಾಲಕ್ರಮದಲ್ಲಿ ಮೂರು ಸಂಪುಟಗಳಾಗಿ ತಂದಿದೆ. ಅದರಲ್ಲಿ ಸದ್ದು ಹೆಚ್ಚು, ಕೆಲವು ತಟ್ಟೆಗಳು ಬಹಳ ಸವೆದಿವೆ. ಆದರೂ ಅಂತರ್ಜಾಲದಲ್ಲಿ ಸಿಗುವ, ಚರಚರ ಸದ್ದನ್ನೆಲ್ಲ ಒರೆಸಿ ತೆಗೆದ ಪ್ರತಿಗಳಿಗಿಂತ ಅದು ಮೇಲು. ಹನ್ನೆರಡು ತಂತಿಯ ಗಿಟಾರಿನ ತೆಳು ತಂತಿಗಳ ಮಿಂಚು ಇರುವುದು ಆ ಚರಚರ ಸದ್ದು ಇರುವ ಎತ್ತರದಲ್ಲಿಯೇ. ಒಂದನ್ನು ತೆಗೆಯಲು ಹೋದರೆ ಇನ್ನೊಂದೂ ಹೋಗುತ್ತದೆ, ಆಗ ಇಬ್ಬರು ಸೋದರರೂ ನಿಜಕ್ಕೂ ಒಂದೇ ತರಹ ಕೇಳಿಸುತ್ತಾರೆ. ನೀವು ಕೇಳಿದ್ದು ಅಂಥ ಪ್ರತಿಯೇ ಇರಬಹುದು.

ಮೂಲ ತಟ್ಟೆ ಕೊಳ್ಳುವ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕಹಿ. ನಿಮ್ಮ ಬಳಿ 78ರ ವೇಗವಿರುವ, ಅದಕ್ಕೆಂದೇ ಇರುವ ದಪ್ಪ ಮುಳ್ಳಿನ ಯಂತ್ರ ಇಲ್ಲವಾದರೆ ಕೊಳ್ಳಬೇಡಿ. ಎಲ್‌ಪಿ ತಟ್ಟೆಯ ಮುಳ್ಳು ಇದರ ಅಗಲವಾದ ಗೆರೆಯ ತಳಕ್ಕೆ ಕುಸಿದು ಕಸವನ್ನು ಮಾತ್ರ ಓದುತ್ತದೆ. ಅಜ್ಜನ ಕಾಲದ ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳು ಪ್ರತಿ ಸಲವೂ ಗೆರೆಯನ್ನು ಕೆರೆದು ತಿನ್ನುತ್ತದೆ. ಈಗಾಗಲೇ ಕೊಂಡಿದ್ದರೆ ಒಂದು ಎಚ್ಚರಿಕೆ. ಈ ತಟ್ಟೆಗಳ ಮೈಯಲ್ಲಿರುವುದು ಅರಗು. ಆ ಕಾಲದಲ್ಲಿ ಜಗತ್ತಿನ ಗ್ರಾಮಫೋನ್ ಕಂಪನಿಗಳಿಗೆ ಅರಗು ಹೋಗುತ್ತಿದ್ದುದು ಬಹುಪಾಲು ನಮ್ಮ ದೇಶದಿಂದಲೇ, ಛೋಟಾ ನಾಗಪುರ ಮುಂತಾದ ಕಡೆ ಮುತ್ತುಗ, ಎಲಚಿ ಮರಗಳ ಕೊಂಬೆಗೆ ಅಂಟಿದ ಹುಳುಗಳಿಂದ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗೂ ಅದೇ ಜಾತಿಯದು. ಮರಗೆಲಸದವರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಮಾಡುವುದನ್ನು ನೀವು ಕಂಡಿರಬಹುದು. ಹಾಗಾಗಿ ಸ್ಪಿರಿಟ್, ಸ್ಯಾನಿಟೈಸರ್, ಕನ್ನಡಕ ಒರೆಸುವ ದ್ರವ ಯಾವುದೂ ಈ ತಟ್ಟೆಗೆ ತಾಕಬಾರದು. ಕೊಲಂಬಿಯಾ ತಟ್ಟೆಗೆ ನೀರೂ ಅಪಾಯವೇ. ಅದರ ಎರಡು ಮುಖಗಳ ಒಳಗೆ ಕಾಗದದ ಪದರವಿರುತ್ತದೆ, ಅಂಚಿನ ಬಿರುಕಿನಿಂದ ನೀರು ಒಳಗೆ ಹೋದರೆ ಮೈ ಉಬ್ಬಿ ಪದರ ಬಿಡುತ್ತದೆ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಂದು ಕೊಲಂಬಿಯಾ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದೆನೆಂದು ಹಿಗ್ಗಿದ್ದೆ. ಮರುದಿನ ಬೆಳಿಗ್ಗೆ ಅದರ ಅಂಚಿನಲ್ಲಿ ಉಗುರಿನಗಲದ ಗುಳ್ಳೆ ಎದ್ದಿತ್ತು, ಮುಳ್ಳು ಅಲ್ಲಿಗೆ ಬಂದಾಗಲೆಲ್ಲ ಹಾರುತ್ತಿತ್ತು. ಮೆದುವಾದ ಒಣ ಕುಂಚ ಸಾಕು.

ಇನ್ನು ಉಳಿದದ್ದು ನಿಮ್ಮ ಗಿಟಾರ್. ಅವರ ಶ್ರುತಿಗೆ ವಾದಕರು ‘ಸ್ಪ್ಯಾನಿಷ್’ ಎನ್ನುತ್ತಾರೆ: ಮಂದ್ರದಿಂದ ತಾರಕ್ಕೆ ಡಿ, ಜಿ, ಡಿ, ಜಿ, ಬಿ, ಡಿ. ವಾಡಿಕೆಯ ಶ್ರುತಿಯಿಂದ ಇದಕ್ಕೆ ಬರಲು ಆರನೆಯ, ಐದನೆಯ ಮತ್ತು ಒಂದನೆಯ ಜೋಡಿಗಳನ್ನು ಒಂದು ಪೂರ್ಣಸ್ವರ ಇಳಿಸಿದರೆ ಆಯಿತು, ಯಾವುದನ್ನೂ ಏರಿಸಬೇಕಾಗಿಲ್ಲ. ಆದ್ದರಿಂದ ವಾದ್ಯಕ್ಕೆ ಇದರಿಂದ ಹಾನಿಯಿಲ್ಲ, ಭಾರ ಇನ್ನೂ ಕಡಿಮೆಯೇ ಆಗುತ್ತದೆ. ಇದೇ ಶ್ರುತಿಯನ್ನು ಎರಡು ಮೆಟ್ಟಿಲು ಮೇಲೆ, ಎ ಸ್ವರಕ್ಕೆ, ಎಳೆಯಿರೆಂದು ಕೆಲವರು ಸಲಹೆ ಕೊಡುತ್ತಾರೆ. ಹನ್ನೆರಡು ತಂತಿಗಳು ಸೇರಿ ವಾದ್ಯದ ಮೇಲೆ ಈಗಾಗಲೇ ನೂರು ಕಿಲೋಗೂ ಹೆಚ್ಚು ಎಳೆತ ಹೇರಿರುತ್ತವೆ, ಅದನ್ನು ಏರಿಸಬೇಡಿ. ಮೊದಲು ಹರಿಯುವುದು ಮೂರನೆಯ ಜೋಡಿಯ ತೆಳು ತಂತಿ, ಅದು ಮುಖದ ಕಡೆಗೇ ಸಿಡಿಯುತ್ತದೆ. ಆ ಕಾಲದ ಅಗ್ಗದ ಸ್ಟೆಲ್ಲಾ ಗಿಟಾರುಗಳಲ್ಲಿ ತಂತಿಗಳ ಎಳೆತವನ್ನು ಹೊರುತ್ತಿದ್ದುದು ವಾದ್ಯದ ಬುಡಕ್ಕೆ ಮೊಳೆ ಹೊಡೆದ ಲೋಹದ ಬಾಲ. ನಿಮ್ಮ ಈಗಿನ ಗಿಟಾರಿನಲ್ಲಿ ಅಷ್ಟೂ ಎಳೆತ ಬ್ರಿಡ್ಜ್ ಮೇಲೆ, ಅಂದರೆ ತಂತಿಗಳನ್ನು ಹಿಡಿದಿಡಲು ವಾದ್ಯದ ಮೈಗೆ ಅಂಟಿಸಿದ ಪಟ್ಟಿಯ ಮೇಲೆ, ಬೀಳುತ್ತದೆ. ಹಾಗಾಗಿ ತಂತಿ ತಿರುಗಿಸುವ ಮೊದಲು ಒಂದು ತೆಳು ಕಾಗದದ ಚೂರನ್ನು ಬ್ರಿಡ್ಜ್‌ನ ಹಿಂಬದಿಯ ಅಂಚಿನ ಕೆಳಗೆ ತೂರಿಸಿ ನೋಡಿ. ಎಲ್ಲಿಯೂ ಒಳಗೆ ಹೋಗದಿದ್ದರೆ ಜಿ ಶ್ರುತಿಗೆ ಇಳಿಸಿ, ಬೇಕಿದ್ದರೆ ಅಲ್ಲಿಂದ ಇನ್ನೂ ಎರಡು ಮೆಟ್ಟಿಲು ಇಳಿಸಿ ಎಫ್‌ನಲ್ಲಿಯೇ ನುಡಿಸಿ. ರಾಬರ್ಟ್‌ನ ಆ ಗುಡುಗುವ ಮಂದ್ರ ಅಲ್ಲಿ ಹೆಚ್ಚು ಹತ್ತಿರ ಸಿಗುತ್ತದೆ. ಕಾಗದ ಒಳಗೆ ಜಾರಿದರೆ ತಂತಿಗಳನ್ನೆಲ್ಲ ಸಡಿಲಿಸಿ, ದುರಸ್ತಿ ಮಾಡುವವರಿಗೆ ತೋರಿಸುವವರೆಗೆ ವಾದ್ಯವನ್ನು ಪೆಟ್ಟಿಗೆಯಲ್ಲಿಡಿ.